ಎಡಗಡೆಯ ಬ್ರೇಕು

ಖಾದರ್ ಬಾಷಾ ಆಟೋದಲ್ಲಿ ಕೂತರೂ ಬ್ರೇಕ್ ಹಾಕುತ್ತಾರೆ. ಮುಂದಿನ ಬಸ್ಸು ನಿಧಾನವಾದ ಕೂಡಲೇ ಅವರ ಬಲಗಾಲು ಆಟೋದ ತಗಡನ್ನು ತುಳಿಯುತ್ತದೆ. ಡ್ರೈವರ್ ತಿರುಗಿ, "ಇಲ್ಲೇ ಇಳೀತೀರಾ ಸಾರ್?" ಎಂದು ಕೇಳುತ್ತಾನೆ. ಕಟಿಂಗ್ ಶಾಪಿನಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೂ ಕಾಲು ಒತ್ತುತ್ತದೆ. ಮಗಳ ಮದುವೆಯ ದಿನ ಅಡುಗೆಯವರು ಬಿರಿಯಾನಿ ಹಂಡೆ ಇಳಿಸುವಾಗ, ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದ ಇವರು ನೆಲ ಒತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಂಡೆ ಸರಿಯಾಗಿಯೇ ಇಳಿಯಿತು. ಅದರ ಶ್ರೇಯಸ್ಸು ಪೂರ್ತಿ ಅಡುಗೆಯವರಿಗೇ ಹೋದದ್ದು ಅವರಿಗೆ ಅಷ್ಟಾಗಿ ಹಿಡಿಸಿದಂತೆ ಕಾಣಲಿಲ್ಲ.

ಅವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಆರ್.ಟಿ. ನಗರದ ನಮ್ಮ ರಸ್ತೆಯಲ್ಲಿ ಅವರ ಸ್ಕೂಲು, ನನ್ನ ಅಂಗಡಿ ಒಂದೇ ಗೋಡೆಯ ಈಚೆ ಆಚೆ. ಸ್ಕೂಲು ಅಂದರೆ ಒಂದು ಮೇಜು, ಟ್ರಾಫಿಕ್ ಚಿಹ್ನೆಗಳ ಒಂದು ಚಾರ್ಟು, ಬಾಗಿಲಲ್ಲಿ ಒಂದು ಹಳೆಯ ಬಿಳಿ ಮಾರುತಿ. ಹಿಂದುಗಡೆಯೇ ಮನೆ. ನನ್ನದು ಕಾರಿನ ಸೀಟ್ ಕವರ್, ಮ್ಯಾಟು, ಹಾರ್ನು, ಬಂಪರ್ ಗಾರ್ಡಿನ ವ್ಯಾಪಾರ. ಎರಡೂ ವ್ಯಾಪಾರಕ್ಕೆ ನಂಟಿದೆ. ಅವರ ಹತ್ತಿರ ಕಲಿತವರು ಲೈಸೆನ್ಸ್ ಕೈಗೆ ಬಂದ ಹೊಸದರಲ್ಲೇ ನನ್ನ ಹತ್ತಿರ ಬಂಪರ್ ಗಾರ್ಡ್ ಕೇಳಿಕೊಂಡು ಬರುತ್ತಾರೆ. ಇದನ್ನು ನಾನು ಎತ್ತಿ ಆಡಿದರೆ, "ನಾನು ಇಲ್ದಿದ್ರೆ ನೀನು ಬಾಡಿಗೆ ಹೆಂಗೆ ಕಟ್ತಿದ್ದೆ ಅಶ್ವತ್ಥ್?" ಎಂದು ಅವರು ಕೇಳುತ್ತಾರೆ.

ಆ ಮಾರುತಿಯಲ್ಲಿ ಕಲಿಯುವವರು ಬಲಗಡೆ, ಖಾದರ್ ಭಾಯ್ ಎಡಗಡೆ. ಅವರ ಕಾಲಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಮೊದಮೊದಲು ಗಾಡಿಯನ್ನು ಓಡಿಸುವುದೂ ನಿಲ್ಲಿಸುವುದೂ ಅವರ ಕಾಲೇ. ಸ್ಟಿಯರಿಂಗ್ ಹಿಡಿದವರು ತಾವೇ ಓಡಿಸುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಅಂತ ಇವರೂ ಸುಮ್ಮನಿರುತ್ತಾರೆ. ಧೈರ್ಯ ಬರುವುದೇ ಹಾಗೆ. ದಿನ ಕಳೆದಂತೆ ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಟೆಸ್ಟ್ ಹತ್ತಿರ ಬಂದಾಗ ಕಾಲು ಮಡಚಿ ಸೀಟಿನ ಕೆಳಗೆ. ಇವತ್ತಿನಿಂದ ನೀವೇ ಓಡಿಸುತ್ತಿದ್ದೀರಿ ಎಂದು ಮಾತ್ರ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹೆದರುತ್ತಾರೆ. ಅಲ್ಲದೆ, ಹಾಗಾದರೆ ನಿನ್ನೆಯವರೆಗೆ ಯಾರು ಓಡಿಸಿದ್ದು ಎಂಬ ಪ್ರಶ್ನೆ ಏಳುತ್ತದೆ.

ಹೀಗೆ ಅರ್ಧ ಆರ್.ಟಿ. ನಗರ, ಸಂಜಯನಗರದ ಒಂದಷ್ಟು ಭಾಗ ಅವರ ಹತ್ತಿರ ಡ್ರೈವಿಂಗ್ ಕಲಿತಿದೆ. ಕಲಿಯದೆ ಉಳಿದವರು ಅವರ ಹೆಂಡತಿ ಸಬೀರಾ. ನನ್ನ ಅಂಗಡಿಯ ಸೀಟ್ ಕವರ್‌ಗಳನ್ನು ಹೊಲಿಯುವುದು ಸಬೀರಾ ಭಾಭಿಯೇ. ರೆಕ್ಸಿನ್ನು ಸೂಜಿಗೆ ಬಗ್ಗುವ ಬಟ್ಟೆಯಲ್ಲ; ಮೂಲೆಗಳಲ್ಲಿ ಮೊಂಡಾಟ ಮಾಡುತ್ತದೆ. ಭಾಭಿಯ ಕೈಯಲ್ಲಿ ಅದೂ ತೆಪ್ಪಗಿರುತ್ತದೆ. ಮದುವೆಯಾದ ಹೊಸತರಿಂದಲೂ ಅವರು ಕಾರು ಕಲಿಸಿ ಅನ್ನುತ್ತಿದ್ದರು, ಇವರು ರಂಜಾನ್ ಕಳೀಲಿ ಅನ್ನುತ್ತಿದ್ದರು. ರಂಜಾನ್ ಪ್ರತಿ ವರ್ಷ ಕಳೆಯುತ್ತಿತ್ತು. ಕಾರಿನಲ್ಲಿ ಯಾವಾಗ ನೋಡಿದರೂ ಕಾಸು ಕೊಟ್ಟ ಯಾರೋ ಕೂತಿರುತ್ತಿದ್ದರು.

ಹೀಗಿರುವಾಗ ಮಗಳು ಮುನ್ನಿಯ ಗಂಡ ಫೈಜಾನ್ ಮಾವನ ಮನೆಗೆ ಒಂದು ಸ್ಟಿಯರಿಂಗ್ ತಂದಿಟ್ಟ. ನಿಜವಾದದ್ದಲ್ಲ, ರೇಸಿಂಗ್ ಗೇಮಿನದು. ಕೆಳಗೆ ಇಡಲು ಪೆಡಲ್‌ಗಳು, ಟಿ.ವಿ.ಗೆ ಸಿಕ್ಕಿಸಲು ಒಂದು ಡಬ್ಬಿ. ಫೈಜಾನ್‌ಗೆ ನಾಗವಾರದ ಕಡೆ ಒಂದು ಕಂಪನಿಯಲ್ಲಿ ಗೇಮುಗಳಲ್ಲಿ ತಪ್ಪು ಹುಡುಕುವ ಕೆಲಸ. "ದಿನವಿಡೀ ಆಡೋಕ್ಕೆ ಸಂಬಳ ಕೊಡ್ತಾರಂತೆ" ಎಂದು ಖಾದರ್ ಭಾಯ್ ನನ್ನ ಹತ್ತಿರ ಪಿಸುಗುಡುತ್ತಿದ್ದರೇ ಹೊರತು ಅವನೆದುರು ಒಂದು ಮಾತಾಡಿದವರಲ್ಲ. ಅಳಿಯ ಬಂದ ದಿನ ಆ ಮನೆಯಲ್ಲಿ ಮಜ್ಜೆ ತುಂಬಿದ ನಲ್ಲಿ ಮೂಳೆ ಅವನ ತಟ್ಟೆಗೇ ಬೀಳಬೇಕು, ಅವನು ತಂದದ್ದನ್ನು ಬೇಡ ಅನ್ನುವ ಹಾಗಿಲ್ಲ. ತನ್ನ ಬಾಡಿಗೆ ಮನೆಯಲ್ಲಿ ಜಾಗವಿಲ್ಲ ಎಂದು ಅವನು ತಂದಿಟ್ಟ ಸಾಮಾನು ಮಾವನ ಮನೆಯ ಹಾಲಿನಲ್ಲಿ ದಿವಾನದ ಪಕ್ಕ ಠಿಕಾಣಿ ಹೂಡಿತು.

ಖಾದರ್ ಭಾಯ್‌ಗೆ ಆಗಿದ್ದು ಸ್ವಂತ ಕಸುಬಿಗೆ ಬಂದ ಅವಮಾನ. ಆದರೂ ಅಳಿಯನ ಜೊತೆ ಬಹಳ ಮರ್ಯಾದೆಯಿಂದಲೇ ಮಾತಿಗಿಳಿದರು.

"ಈ ಆಟದಲ್ಲಿ ಹಸು ಅಡ್ಡ ಬರುತ್ತಾಪ್ಪಾ?"

"ಇಲ್ಲ ಮಾಮೂ."

"ಹಂಪ್ ಇದಾವಾ?"

"ಇಲ್ಲ."

"ರಾಂಗ್ ಸೈಡಲ್ಲಿ ನೀರಿನ ಟ್ಯಾಂಕರ್?"

"ರೇಸ್ ರೋಡಲ್ಲಿ ಅದೆಲ್ಲ ಹೆಂಗ್ ಬರುತ್ತೆ ಮಾಮೂ?"

"ಹೆಬ್ಬಾಳದಲ್ಲಿ ಬರುತ್ತಲ್ಲ!" ಎಂದು ನನ್ನ ಕಡೆ ತಿರುಗಿ ಗೆದ್ದವರಂತೆ ನಕ್ಕರು.

ಫೈಜಾನ್ ಬಿಡಲಿಲ್ಲ. "ಆದ್ರೂ ಮಾಮೂ, ತಿರುವು ಬರೋಕ್ಕೆ ಮುಂಚೆನೇ ನೋಡೋದು, ಕೈ ಕಾಲು ಒಟ್ಟಿಗೆ ಕೆಲಸ ಮಾಡೋದು, ಇದೆಲ್ಲ ಬರುತ್ತೆ. ಅಮ್ಮೀ, ನೀವೇ ಒಂದ್ಸಲ ಕೂತ್ಕೊಳ್ಳಿ, ನೋಡೋಣ."

ಅಮ್ಮೀ ಅಂದರೆ ಸಬೀರಾ ಭಾಭಿ. ಸೆರಗು ಸಿಕ್ಕಿಸಿಕೊಂಡು ಕೂತರು. ಯಾವುದೋ ದೇಶದ ಗುಡ್ಡದ ರಸ್ತೆ. ಮೊದಲ ತಿರುವಿನಲ್ಲೇ ಕಾರು ಬೇಲಿ ಹಾರಿ ಕಣಿವೆಗೆ ಬಿತ್ತು. ಖಾದರ್ ಭಾಯ್ ಕಾಲು ನೆಲವನ್ನು ಒತ್ತಿತು, ಉಪಯೋಗವಾಗಲಿಲ್ಲ. ಭಾಭಿ ಕಾರನ್ನು ಮತ್ತೆ ರಸ್ತೆಗೆ ತಂದರು. ಮತ್ತೆ ಬಿದ್ದರು. ಆಮೇಲೆ ಹೊಲಿಗೆ ಮೆಷಿನ್ ನಿಂತ ಮಧ್ಯಾಹ್ನಗಳಲ್ಲಿ ಗೋಡೆಯಾಚೆಯಿಂದ ಎಂಜಿನ್ ಸದ್ದು ಕೇಳತೊಡಗಿತು. ಒಂದು ದಿನ ಕವರ್ ತೆಗೆದುಕೊಳ್ಳಲು ಹೋದಾಗ ನೋಡಿದೆ. ಗುಡ್ಡದ ರಸ್ತೆಯಲ್ಲಿ ಭಾಭಿಯ ಕಾರು ಹಗ್ಗ ಹಿಡಿದು ಎಳೆದಂತೆ ಹೋಗುತ್ತಿತ್ತು.

"ಕವರ್ ಆಯ್ತಾ ಭಾಭಿ?"

"ತಡೀರಿ ಅಶ್ವತ್ಥಣ್ಣ, ಮುಂದೆ ಇನ್ನಿಬ್ಬರೇ ಇದಾರೆ."

ಆ ಕವರ್ ಸಂಜೆ ಸಿಕ್ಕಿತು.

ಅಷ್ಟರಲ್ಲಿ ಖಾದರ್ ಭಾಯ್ ಬಲಮಂಡಿ ಕೈಕೊಟ್ಟಿತು. ಊದಿಕೊಂಡು ಮೆಟ್ಟಿಲು ಹತ್ತದಂತಾಯಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮಂಡಿ ಬದಲಿಸಬೇಕು, ಆಮೇಲೆ ಕೆಲವು ತಿಂಗಳು ಪೆಡಲ್ ಮುಟ್ಟುವ ಹಾಗಿಲ್ಲ, ಫಿಸಿಯೋಥೆರಪಿಗೆ ಮೇಲಿಂದ ಮೇಲೆ ಬರಬೇಕು ಅಂದರು. ಅಲ್ಲಿಯವರೆಗೆ ಆದಷ್ಟು ಕಾಲಿಗೆ ವಿಶ್ರಾಂತಿ ಕೊಡಿ ಎಂದೂ ಹೇಳಿದರು. ಖಾದರ್ ಭಾಯ್ ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲಿಸಿದರು. ಆದರೆ ಆಪರೇಷನ್ನಿಗೆ ಮಾತ್ರ ಒಪ್ಪಲಿಲ್ಲ. ಆಸ್ಪತ್ರೆಗೆ ಓಡಾಡುವುದು ಹೇಗೆ ಎಂಬುದೇ ಅವರ ತಕರಾರು. ಆಟೋದಲ್ಲಿ ಹೋದರೆ ಕಾಲು ತಾನೇ ತಾನಾಗಿ ಒತ್ತುತ್ತದೆ, ಹೊಸ ಮಂಡಿಯೂ ಹೋಗುತ್ತದೆ.

"ನಿಮ್ಮ ಶಿಷ್ಯರು ಬೀದಿಗೆ ಹತ್ತು ಜನ ಇದಾರಲ್ಲ ಭಾಯ್, ಯಾರಾದ್ರೂ ಕರ್ಕೊಂಡು ಹೋಗ್ತಾರೆ" ಅಂದೆ.

"ಅವರ ಗಾಡೀಲಾ? ಬೇಡಪ್ಪ. ಅವರಿಗೆ ಕಲ್ಸಿದ್ದು ಯಾರು ಅಂತ ನನಗೆ ಗೊತ್ತು."

ಮುನ್ನಿ ಗಂಡನ ಮುಖ ನೋಡಿದಳು. ಟಿ.ವಿ.ಯಲ್ಲಿ ಊರೆಲ್ಲವನ್ನೂ ಹಿಂದೆ ಹಾಕುವ ಫೈಜಾನ್ ಹತ್ತಿರ ಲೈಸೆನ್ಸೇ ಇರಲಿಲ್ಲ. ಅವನು ಮೆಟ್ರೋ, ಬಸ್ಸು ಹಿಡಿದು ಓಡಾಡುವ ಮನುಷ್ಯ. "ರೋಡಲ್ಲಿ ಭಯ ಆಗುತ್ತೆ ಮಾಮೂ" ಎಂದು ಒಪ್ಪಿಕೊಂಡ. ಖಾದರ್ ಭಾಯ್ ಅಂದು ಬಹಳ ಸಂತೋಷವಾಗಿದ್ದರು. ನೋವು ಸಹ ಕಡಿಮೆಯಾದಂತಿತ್ತು.

ಆಗ ಸಬೀರಾ ಭಾಭಿ, "ನಾನು ಕಲೀತೀನಿ" ಅಂದರು.

ಗಂಡಹೆಂಡಿರ ನಡುವೆ ಉರ್ದುವಿನಲ್ಲಿ ಸ್ವಲ್ಪ ಹೊತ್ತು ಜಗಳವಾಯಿತು. ಅವರ ಜಗಳದ ಮೊದಲ ಭಾಗ ಯಾವಾಗಲೂ ಉರ್ದುವಿನಲ್ಲಿ. ಸಾಕ್ಷಿ ಬೇಕಾದಾಗ ನನಗಾಗಿ ಕನ್ನಡಕ್ಕೆ ಬರುತ್ತಾರೆ. ಕನ್ನಡದಲ್ಲಿ ತೀರ್ಮಾನವಾದದ್ದು ಇಷ್ಟು: ಭಾಭಿ ಟೆಸ್ಟ್ ಪಾಸಾದರೆ ಆಪರೇಷನ್. ಪಾಸಾಗದಿದ್ದರೆ ಇದ್ದ ಮಂಡಿಯಲ್ಲೇ ಇದ್ದಷ್ಟು ದಿನ. ಖಾದರ್ ಭಾಯ್ ಇದನ್ನು ತಮಾಷೆಗೆ ಹೇಳಲಿಲ್ಲ. ಮುನ್ನಿ ಅತ್ತಳು, ಫೈಜಾನ್ ಸಮಾಧಾನ ಮಾಡಿದ, ಅವರು ಜಗ್ಗಲಿಲ್ಲ. ಹೀಗೆ ಒಬ್ಬರ ಮಂಡಿ ಇನ್ನೊಬ್ಬರ ಲೈಸೆನ್ಸಿಗೆ ಗಂಟು ಬಿತ್ತು.

ಭಾಭಿ ಎಲ್‌ಎಲ್‌ಆರ್ ಮಾಡಿಸಿಕೊಂಡರು. ಹೊಸ ಶಿಷ್ಯೆಯ ಗೌರವಾರ್ಥ ನಾನು ಮಾರುತಿಗೆ ಹೊಸ ಎಲ್ ಬೋರ್ಡು ಅಂಟಿಸಿ, ಎರಡೂ ಕಡೆಯ ಪೆಡಲ್‌ಗಳಿಗೆ ಹೊಸ ರಬ್ಬರು ಹಾಕಿಕೊಟ್ಟೆ. ಪುಕ್ಕಟೆ. ಹಾಗೆ ನಾನು ಪುಕ್ಕಟೆ ಕೊಡುವ ಮಾಲು ಹೇಗಿರುತ್ತದೆಂದು ಅವರಿಗೂ ಗೊತ್ತಿತ್ತು.

ಮೊದಲ ದಿನವೇ ಸಂಜಯನಗರದ ಕಡೆ ಒಂದು ಹಂಪನ್ನು ಭಾಭಿ ಗುಡ್ಡದ ರಸ್ತೆಯ ವೇಗದಲ್ಲಿ ಹತ್ತಿಸಿದರು. ಇಬ್ಬರ ತಲೆಯೂ ಮೇಲಿನ ತಗಡಿಗೆ ಬಡಿಯಿತು. ಖಾದರ್ ಭಾಯ್ ನೆತ್ತಿ ಉಜ್ಜಿಕೊಳ್ಳುತ್ತ ಬಂದು, "ನೋಡಿದ್ಯಾ, ಗೇಮು!" ಅಂದರು. ಕನ್ನಡಿ ನೋಡುವ ಅಭ್ಯಾಸ ಭಾಭಿಗೆ ಇರಲಿಲ್ಲ; ಗೇಮಿನಲ್ಲಿ ಹಿಂದಿನವರ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಹಾರ್ನ್ ಹೊಡೆಯುವುದಂತೂ ನೆನಪಾಗುತ್ತಲೇ ಇರಲಿಲ್ಲ. ರಿವರ್ಸ್ ತೆಗೆಯಲು ಹೇಳಿದರೆ ಗಾಡಿ ಹಾವಿನಂತೆ ಸುಳಿಯುತ್ತಿತ್ತು. ಎದುರಿಗೆ ಮನುಷ್ಯ ಬಂದರೆ ಅವನೇ ಪಕ್ಕಕ್ಕೆ ಹೋಗುತ್ತಾನೆಂದು ಅವರು ನಂಬಿದ್ದರು. ಅವನೂ ಅದನ್ನೇ ಇವರ ಬಗ್ಗೆ ನಂಬಿರುತ್ತಿದ್ದ.

ಆದರೆ ಸ್ಟಿಯರಿಂಗ್ ಹಿಡಿದ ಕೈ ಚೆನ್ನಾಗಿತ್ತು. ಬೇರೆ ಕಲಿಯುವವರ ಕಣ್ಣು ಬಾನೆಟ್ ಮೇಲೇ ಇರುತ್ತದೆ. ಭಾಭಿ ದೂರ ನೋಡುತ್ತಿದ್ದರು. ತಿರುವಿನಲ್ಲಿ ಗಾಡಿ ತೂಗದೆ ಹೋಗುತ್ತಿತ್ತು. ಇದನ್ನು ಖಾದರ್ ಭಾಯ್ ನನಗೆ ಒಂದೇ ಸಲ ಹೇಳಿದರು, ಅದೂ ಚಹಾ ಕುಡಿಯುವಾಗ, ಲೋಟದೊಳಗೆ ಮುಖವಿಟ್ಟು.

ತೊಂದರೆ ಇದ್ದದ್ದು ನಿಲ್ಲಿಸುವಾಗ. ಗಾಡಿ ತಟಕ್ಕನೆ ನಿಂತು ಆಫ್ ಆಗುತ್ತಿತ್ತು.

"ಯಾಕೆ ಅಷ್ಟು ಜೋರಾಗಿ ಒತ್ತಿದೆ?"

"ನಾನು ಒತ್ತಲಿಲ್ಲ, ನೀವು ಒತ್ತಿದ್ದು."

"ನಾನಾ? ನಾನು ಸುಮ್ನೆ ಕೂತಿದೀನಿ!"

"ಮನೇಲಿ ಆಡುವಾಗ ನಾನು ಒತ್ತಿದ್ದು ನನಗೇ ಗೊತ್ತಾಗುತ್ತೆ. ಇಲ್ಲಿ ಒತ್ತಿದ್ದು ಯಾರು ಅಂತಾನೇ ಗೊತ್ತಾಗಲ್ಲ."

"ಆ ಮಾಯಾಡಬ್ಬಿ ಹೆಸರು ಇಲ್ಲಿ ಎತ್ತಬೇಡ."

ಹೀಗೆ ತಿಂಗಳು ಕಳೆಯಿತು. ಟೆಸ್ಟಿನ ದಿನ ಯಲಹಂಕದ ಕಡೆಗೆ ಮೂವರೂ ಹೋದೆವು. ನನಗೆ ಅಲ್ಲಿ ಕೆಲಸವಿರಲಿಲ್ಲ, ಅಂಗಡಿಯಲ್ಲೂ ಇರಲಿಲ್ಲ. ಎಡಗಡೆ ಸೀಟಿನಲ್ಲಿ ಇನ್‌ಸ್ಪೆಕ್ಟರ್ ಕೂತರು, ಪೆಡಲ್‌ಗಳಿಗೆ ಬೂಟು ತಗಲದಂತೆ ಕಾಲು ಹಿಂದಕ್ಕೆ ತೆಗೆದುಕೊಂಡರು. ಖಾದರ್ ಭಾಯ್ ಹೊರಗೆ ನನ್ನ ಭುಜ ಹಿಡಿದು ನಿಂತರು. ಭಾಭಿ ಎಂಟರ ಆಕಾರವನ್ನು ಸೊಗಸಾಗಿ ಬಿಡಿಸಿದರು. ಅಲ್ಲಿ ನಿಂತಿದ್ದ ಬೇರೆ ಸ್ಕೂಲಿನವರೂ ತಲೆದೂಗಿದರು. ಆಮೇಲೆ ನೇರ ಬಂದು ಗೆರೆಯ ಮೇಲೆ ನಿಲ್ಲಿಸಬೇಕು. ಗಾಡಿ ಗೆರೆಯ ಹತ್ತಿರ ಬಂತು. ಗೆರೆ ದಾಟಿತು. ಭಾಭಿಯ ಮುಖದಲ್ಲಿ ಗಾಬರಿಯಿರಲಿಲ್ಲ, ಯಾರನ್ನೋ ಕಾಯುತ್ತಿರುವವರ ಹಾಗಿತ್ತು. ಗಾಡಿ ಮೆಲ್ಲಗೆ ಮುಂದೆ ಹೋಗಿ ಅಲ್ಲಿಟ್ಟಿದ್ದ ಪ್ಲಾಸ್ಟಿಕ್ ಕೋನನ್ನು ತಳ್ಳಿಕೊಂಡು ನಿಂತಿತು.

"ಬ್ರೇಕು ಯಾರಮ್ಮ ಹಾಕ್ಬೇಕು?" ಎಂದು ಇನ್‌ಸ್ಪೆಕ್ಟರ್ ಕೇಳಿದರು. ಬೈಯಲಿಲ್ಲ. ಫೇಲ್ ಮಾಡಿದರು.

ನಮ್ಮ ರಸ್ತೆಗೆ ನಾವು ಬರುವ ಮೊದಲೇ ಸುದ್ದಿ ಬಂದಿತ್ತು. ಟೀ ಅಂಗಡಿಯ ಬ್ಯಾಟರಾಯಪ್ಪ ಲೋಟ ತೊಳೆಯುತ್ತ, "ಏನ್ ಸಮಾಚಾರ ಮೇಷ್ಟ್ರೇ? ಮನೆಯವರಿಗೆ ಬೇರೆ ಸ್ಕೂಲು ನೋಡ್ಬೇಕಾ?" ಅಂದ. ಖಾದರ್ ಭಾಯ್ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅಂದೇ ಅವರು ಅಪರಾಧಿಯನ್ನು ಪತ್ತೆ ಮಾಡಿದರು. "ಆ ಗೇಮಲ್ಲಿ ಗುದ್ದಿದ್ರೂ ಏನೂ ಆಗಲ್ಲ. ಅದಕ್ಕೇ ಇವಳಿಗೆ ಬ್ರೇಕಿನ ನೆನಪೇ ಹೋಗಿದೆ" ಎಂದು ಹೇಳಿ, ಸ್ಟಿಯರಿಂಗನ್ನು ಬೆಡ್‌ಶೀಟಿನಲ್ಲಿ ಸುತ್ತಿಸಿ ಬೀರುವಿನ ಮೇಲಕ್ಕೆ ಹತ್ತಿಸಿದರು. ಭಾಭಿ ಹೊಲಿಗೆ ಮೆಷಿನ್ನಿಗೆ ಕೂತರು. ಮತ್ತೊಮ್ಮೆ ಟೆಸ್ಟಿಗೆ ಹೋಗುವ ಮಾತು ಇಬ್ಬರೂ ಎತ್ತಲಿಲ್ಲ. ಆಸ್ಪತ್ರೆಯಿಂದ ಫೋನ್ ಬಂದರೆ ಖಾದರ್ ಭಾಯ್ ಎತ್ತುತ್ತಿರಲಿಲ್ಲ. ಮಂಡಿ ಮಾತ್ರ ದಿನಕ್ಕೊಂದು ಹೊಸ ನೋವು ಕಲಿಯುತ್ತಿತ್ತು.

ಭಾನುವಾರ ಅಳಿಯ ಬಂದ, ಊಟಕ್ಕೆ ನನ್ನನ್ನೂ ಕರೆದಿದ್ದರು. ಕೈ ತೊಳೆದು ಕೂತವನು ಸುತ್ತ ನೋಡಿ, "ಸ್ಟಿಯರಿಂಗ್ ಕಾಣ್ತಿಲ್ಲ?" ಅಂದ.

ನಾನು ಬಿರಿಯಾನಿಯ ಕಡೆ ನೋಡಿದೆ.

"ಧೂಳು ಬೀಳುತ್ತೆ ಅಂತ ಮೇಲಿಟ್ಟೆ ಮಗಾ" ಎಂದರು ಖಾದರ್ ಭಾಯ್. "ಜೋಪಾನವಾಗಿರಲಿ ಅಂತ."

ಅಳಿಯನೇ ಸ್ಟೂಲು ಹತ್ತಿ ಇಳಿಸಿದ. ಇಳಿಸಿದ ಮೇಲೆ, "ಮಾಮೂ, ಇವತ್ತು ನೀವೇ ಕೂತ್ಕೊಳ್ಬೇಕು" ಎಂದು ಹಿಡಿದುಕೊಂಡ. ಅಳಿಯನ ಮಾತು. ಖಾದರ್ ಭಾಯ್ ಕೂತರು. ಟಿ.ವಿ.ಯಲ್ಲಿ ಕಾರಿನ ಒಳಭಾಗ ಕಂಡಾಗ ಅವರ ಮುಖ ಅರಳಿತು. ಪರದೇಶದ ಕಾರಾದ್ದರಿಂದ ಸ್ಟಿಯರಿಂಗು ಎಡಗಡೆಯಿತ್ತು. "ಇವರಿಗೆ ಬುದ್ಧಿ ಇದೆ ಕಣಯ್ಯಾ, ಮೇಷ್ಟ್ರ ಸೀಟಿಗೇ ಸ್ಟಿಯರಿಂಗ್ ಕೊಟ್ಟಿದಾರೆ" ಎಂದು ನನಗೆ ತೋರಿಸಿದರು.

ಆಟ ಶುರುವಾಯಿತು. ಉಳಿದ ಕಾರುಗಳೆಲ್ಲ ಹೋದವು. ಖಾದರ್ ಭಾಯ್ ನೇರ ರಸ್ತೆಯಲ್ಲಿ ಬ್ರೇಕ್ ಹಾಕಿದರು. ತಿರುವಿನಲ್ಲಿ ಬ್ರೇಕ್ ಹಾಕಿದರು. ಏರಿನಲ್ಲಿ ಗಾಡಿ ತಾನಾಗಿಯೇ ನಿಲ್ಲುತ್ತಿದ್ದಾಗಲೂ ಹಾಕಿದರು. ಬೇರೆಯವರು ಒಂದು ಸುತ್ತು ಮುಗಿಸಿ ಇವರನ್ನು ಎರಡನೆಯ ಸಲ ದಾಟಿಕೊಂಡು ಹೋದರು.

"ಮಾಮೂ, ನಿಮ್ಮ ಗಾಡಿಗೆ ಒಂದು ಗೀರೂ ಬಿದ್ದಿಲ್ಲ" ಎಂದು ಫೈಜಾನ್ ಬಹಳ ವಿನಯದಿಂದ ಹೇಳಿದ.

"ಅದೇ ನಾನು ಹೇಳೋದು!"

"ಏಳಿ, ನನಗೆ ಕೊಡಿ" ಎಂದರು ಭಾಭಿ.

ಭಾಭಿ ಕೂತಾಗ ನಾವೆಲ್ಲ ಟಿ.ವಿ. ನೋಡುತ್ತಿದ್ದೆವು. ಖಾದರ್ ಭಾಯ್ ಮಾತ್ರ ಹೆಂಡತಿಯ ಪಾದ ನೋಡುತ್ತಿದ್ದರು. ಮೇಷ್ಟ್ರ ಕಣ್ಣು ಯಾವಾಗಲೂ ಕೆಳಗೇ ಇರುವುದು. ತಿರುವು ಇನ್ನೂ ದೂರವಿರುವಾಗ ಆ ಪಾದ ಬ್ರೇಕಿಗೆ ಹೋಗುತ್ತಿತ್ತು, ಹದವಾಗಿ ಒತ್ತುತ್ತಿತ್ತು, ಗಾಡಿ ತಿರುಗಿದಂತೆ ಮೆಲ್ಲಗೆ ಬಿಡುತ್ತಿತ್ತು. ಮತ್ತೆ ಮತ್ತೆ ಹಾಗೇ. ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ. ಅವರು ಅದನ್ನು ಬಹಳ ಹೊತ್ತು ನೋಡಿದರು. ಎರಡನೆಯ ಸಲ ಬಿರಿಯಾನಿ ಬೇಕಾ ಅಂದರೆ ಕೇಳಿಸಲೇ ಇಲ್ಲ.

ಮಾರನೆಯ ದಿನ ಮಾರುತಿಗೆ ಹೊಸ ಸೀಟ್ ಕವರ್ ಹಾಕಲು ಭಾಭಿ ನನ್ನ ಅಂಗಡಿಯ ಮುಂದೆ ಗಾಡಿಯ ಬಾಗಿಲುಗಳನ್ನು ತೆರೆದಿಟ್ಟರು. ಕೊಕ್ಕೆ ಸಿಕ್ಕಿಸಲು ಸೀಟಿನ ಕೆಳಗೆ ಬಗ್ಗಿದವರು ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು ಬ್ರೇಕಿನ ರಬ್ಬರು ಕಿತ್ತುಕೊಂಡು ಬಂದು ನನ್ನ ಗಲ್ಲಾದ ಮೇಲೆ ಪಕ್ಕಪಕ್ಕ ಇಟ್ಟರು. ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಗಂಡನಿಗೂ ಕಾಣುವ ಹಾಗೆ.

"ಅಶ್ವತ್ಥಣ್ಣ, ಇವೆರಡೂ ಒಂದೇ ದಿನ ಹಾಕಿದ್ದಲ್ವಾ?"

"ಹೌದು ಭಾಭಿ. ನೀವು ಕಲಿಯೋಕ್ಕೆ ಶುರು ಮಾಡಿದ ದಿನ."

ಬಲಗಡೆಯ ರಬ್ಬರಿನ ಗೆರೆಗಳು ಅಂಗಡಿಯಿಂದ ಹೋದ ಹಾಗೇ ಇದ್ದವು. ಎಡಗಡೆಯದು ಬೋಳು.

ಖಾದರ್ ಭಾಯ್ ಎರಡನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಇವನ ಮಾಲೇ ಇಷ್ಟು" ಅಂದರು.

"ಎರಡೂ ಒಂದೇ ಪ್ಯಾಕೆಟ್ಟು ಭಾಯ್" ಅಂದೆ. ಸವೆಯುವ ವಿಷಯದಲ್ಲಿ ನನ್ನ ಮಾಲು ಎಂದೂ ಸುಳ್ಳು ಹೇಳಿಲ್ಲ.

ಭಾಭಿ ಕನ್ನಡದಲ್ಲೇ ಕೇಳಿದರು. "ಈ ಒಂದು ತಿಂಗಳು ಗಾಡೀಲಿ ಇದ್ದಿದ್ದು ನಾವಿಬ್ಬರೇ. ಒಂದ್ಸಲಾನಾದ್ರೂ ನನಗೆ ಬ್ರೇಕ್ ಹಾಕೋಕ್ಕೆ ಬಿಟ್ರಾ?"

"ಬೇರೆಯವರಾಗಿದ್ರೆ ಕಾಲು ತೆಗೀತಿದ್ದೆ."

"ನನಗೆ ಯಾಕೆ ತೆಗೀಲಿಲ್ಲ?"

ಖಾದರ್ ಭಾಯ್ ನನ್ನ ಕಡೆ ತಿರುಗಿ, "ಗಿರಾಕಿ ಬಂದಿದಾರೆ ನೋಡು" ಅಂದರು. ಅಂಗಡಿಗೆ ಯಾರೂ ಬಂದಿರಲಿಲ್ಲ. ನಾನು ಎದ್ದು ಬಾಗಿಲಿಗೆ ಹೋಗಿ, ಬಾರದ ಗಿರಾಕಿಗಾಗಿ ಸ್ವಲ್ಪ ಹೊತ್ತು ನಿಂತೆ.

ಒಳಗೆ ಬಂದಾಗ ಖಾದರ್ ಭಾಯ್ ಮೆಕ್ಯಾನಿಕ್ ಸುಬ್ರಮಣಿಗೆ ಫೋನ್ ಮಾಡುತ್ತಿದ್ದರು. "ಸ್ಪ್ಯಾನರ್ ತಗೊಂಡು ಬಾ. ಎಡಗಡೆ ಪೆಡಲ್ ಬಿಚ್ಚಬೇಕು... ಹೌದು ಕಣೋ, ಎರಡೂ. ಇಲ್ಲ, ರಿಪೇರಿ ಅಲ್ಲ. ಬಿಚ್ಚೋದು ಅಷ್ಟೇ."

ಸುಬ್ರಮಣಿ ನಂಬದೆ ಖುದ್ದು ಬಂದು ಇನ್ನೊಂದು ಸಲ ಕೇಳಿದ. ಬಿಚ್ಚಿದ.

ಆಮೇಲಿನ ಪಾಠಗಳು ಬೇರೆ ಥರ ನಡೆದವು. ಖಾದರ್ ಭಾಯ್ ಎಡಗಡೆ ಕೂತು ಎರಡು ಕೈಯಲ್ಲೂ ಮಂಡಿಯನ್ನು ಅದುಮಿ ಹಿಡಿದುಕೊಳ್ಳುತ್ತಿದ್ದರು. ನೋವಿಗೋ, ತಡೆಯುವುದಕ್ಕೋ, ನಾನು ಕೇಳಲಿಲ್ಲ. ಕಾಲು ಮಾಡುತ್ತಿದ್ದ ಕೆಲಸವೆಲ್ಲ ಬಾಯಿಗೆ ಬಂದಿತ್ತು. ಮುಂದೆ ಹಂಪು, ಹಿಂದೆ ಸ್ಕೂಟರು, ಕನ್ನಡಿ ನೋಡು, ಆ ಹಸು ನಿನ್ನನ್ನ ನೋಡಿಲ್ಲ, ಹಾರ್ನ್ ಹೊಡಿ. ಗೇಮು ಕಲಿಸದೆ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟರು. ಗೇಮು ಕಲಿಸಿದ್ದನ್ನು ಮುಟ್ಟಲಿಲ್ಲ. ಸಂಜೆ ಹೊತ್ತು ಸೋಲದೇವನಹಳ್ಳಿಯ ಕಡೆ ಖಾಲಿ ರಸ್ತೆ ಹುಡುಕಿಕೊಂಡು ಹೋಗಿ ರಿವರ್ಸ್ ಮಾಡಿಸಿದರು. ಭಾಭಿ ನಿಲ್ಲಿಸಿದ ಕಡೆ ಗಾಡಿ ನಿಲ್ಲತೊಡಗಿತು. ಆರಂಭದಲ್ಲಿ ಒಂದೆರಡು ಸಲ ಬೇಕಾದ್ದಕ್ಕಿಂತ ಮುಂದೆ ನಿಂತಿತಂತೆ, ನಮ್ಮ ಅಂಗಡಿಯ ಕಾಂಪೌಂಡಿಗೆ ಅದರ ಗುರುತಿದೆ. ಬಂಪರ್ ಗಾರ್ಡನ್ನು ಅವರಿಗೆ ಪುಕ್ಕಟೆ ಕೊಡಲಿಲ್ಲ.

ಎರಡನೆಯ ಟೆಸ್ಟಿನಲ್ಲೂ ಅದೇ ಇನ್‌ಸ್ಪೆಕ್ಟರ್. ಗಾಡಿ ಗೆರೆಯ ಮೇಲೆ, ಕುಲುಕದೆ ನಿಂತಿತು. "ಪರವಾಗಿಲ್ಲಮ್ಮ. ಎಲ್ಲಿ ಕಲಿತ್ರಿ?" ಎಂದು ಅವರು ಕೇಳಿದರು.

"ಅರ್ಧ ಮನೇಲಿ, ಅರ್ಧ ಇವರ ಹತ್ರ" ಎಂದರು ಭಾಭಿ.

ಫೈಜಾನ್ ಆ ಭಾನುವಾರ ಸುಮ್ಮನಿರಲಾರದೆ ಕೇಳಿಯೇಬಿಟ್ಟ. "ಮಾಮೂ, ಈಗ ಹೇಳಿ. ಗೇಮಿಂದ ಉಪಯೋಗ ಆಯ್ತೋ ಇಲ್ವೋ?"

ಖಾದರ್ ಭಾಯ್ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದರು. "ಕಣ್ಣಿಗೆ ಆಯ್ತು. ಕಾಲಿಗೂ ಆಯ್ತು, ನಿಜ ಹೇಳ್ಬೇಕಂದ್ರೆ. ಆದ್ರೆ ರೋಡಲ್ಲಿ ಬೇರೆಯವರೂ ಇದಾರೆ ಅಂತ ಅದಕ್ಕೆ ಗೊತ್ತಿಲ್ಲ ಮಗಾ. ಅದನ್ನ ನಾನೇ ಹೇಳಿಕೊಡ್ಬೇಕಾಯ್ತು." ಸ್ವಲ್ಪ ತಡೆದು, "ನೀನೂ ಯಾವಾಗಾದ್ರೂ ಬಂದು ಕೂತ್ಕೋ. ಭಯಕ್ಕೆ ನನ್ನ ಹತ್ರ ಔಷಧಿ ಇದೆ" ಅಂದರು. ಫೈಜಾನ್ ನಲ್ಲಿ ಮೂಳೆಯ ಕಡೆ ಗಮನ ಕೊಟ್ಟ.

ಆಪರೇಷನ್ನಿನ ದಿನ ಬೆಳಿಗ್ಗೆ ಭಾಭಿ ಗಾಡಿ ತೆಗೆದರು. ಮುನ್ನಿ ಮೊದಲೇ ಹೋಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದಳು. ಎಕ್ಸ್‌ರೇ ಹಿಡಿದುಕೊಳ್ಳಲು ಒಬ್ಬರು ಬೇಕೆಂದು ನಾನು ಹಿಂದಿನ ಸೀಟಿನಲ್ಲಿ. ಹೆಬ್ಬಾಳ ಎಂದಿನಂತೆ ಕಿಕ್ಕಿರಿದಿತ್ತು. ಭಾಭಿ ಅವಸರ ಮಾಡಲಿಲ್ಲ. ನುಗ್ಗುವವರನ್ನು ನುಗ್ಗಲು ಬಿಟ್ಟು, ಸಂದು ಸಿಕ್ಕಲ್ಲಿ ಹೋದರು. ಖಾದರ್ ಭಾಯ್ ದಾರಿಯುದ್ದಕ್ಕೂ ಸೀಟ್ ಕವರಿನ ಒಂದು ಹೊಲಿಗೆಯನ್ನು ಉಗುರಿನಿಂದ ಸವರುತ್ತಿದ್ದರು.

ಆಸ್ಪತ್ರೆಯ ಗೇಟಿನಲ್ಲಿ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ. "ಪೇಷೆಂಟ್ ಇಲ್ಲೇ ಇಳೀಲಿ. ಡ್ರೈವರ್ ಗಾಡಿ ಬೇಸ್‌ಮೆಂಟಿಗೆ ಹಾಕಿ."

ಖಾದರ್ ಭಾಯ್ ಯಾರಿಗೆ ಯಾವುದನ್ನು ಹೇಳಿದ್ದೆಂದು ತಿಳಿಯದೆ ಒಂದು ಗಳಿಗೆ ಕೂತೇ ಇದ್ದರು. ಆಮೇಲೆ ಇಳಿದರು, ಹಿಂದಿನಿಂದ ನಾನೂ ಇಳಿದೆ. ಕೆಳಗೆ ಹೋಗುವ ಇಳಿಜಾರು ಕಡಿದಾಗಿತ್ತು, ತಿರುವು ಇಕ್ಕಟ್ಟಾಗಿತ್ತು. ಅವರು ಕೋಲೂರಿಕೊಂಡು ದಾರಿ ತೋರಿಸಲು ಎರಡು ಹೆಜ್ಜೆ ಇಟ್ಟರು, ಸೆಕ್ಯೂರಿಟಿಯವನು ಆಗಲೇ ಸೀಟಿ ಊದುತ್ತಿದ್ದ. ಬಿಳಿ ಮಾರುತಿ ಇಳಿಜಾರಿನ ತುದಿಯಲ್ಲಿ ಒಮ್ಮೆ ನಿಂತಿತು, ಹಾರ್ನ್ ಹೊಡೆಯಿತು, ಕೆಳಗೆ ತಿರುಗಿ ಮರೆಯಾಯಿತು.

"ಒಳಗೆ ಹೋಗೋಣ ಬನ್ನಿ ಭಾಯ್. ಬರ್ತಾರೆ" ಅಂದೆ.

"ಬರ್ತಾಳೆ, ನನಗೆ ಗೊತ್ತು" ಅಂದರು. ಆದರೂ ಕದಲಲಿಲ್ಲ. "ಪಾರ್ಕಿಂಗ್ ಚೀಟಿ ತಗೊಂಡ್ಲೋ ಇಲ್ವೋ ಅಂತ ನೋಡ್ತಿದೀನಿ."

ಸ್ವಲ್ಪ ಹೊತ್ತಿಗೆ ಭಾಭಿ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಚೀಟಿ. ಚೀಟಿಯನ್ನು ಗಂಡನ ಷರ್ಟಿನ ಜೇಬಿಗೆ ಹಾಕಿ, ಕೀಯನ್ನು ತಮ್ಮ ಪರ್ಸಿಗೆ ಹಾಕಿಕೊಂಡರು.

"ನಡೀರಿ" ಅಂದರು.